ದೂರದ ಸರ್ವರ್‌ನ ಒಡಲಲ್ಲಿ ಏನಿದೆ?

ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಕಾಯಿ ಒಡೆಯದೆ ಒಳಗೆ ನೀರಿದೆಯೇ ಎಂದು ತಿಳಿಯಬೇಕು, ಮಡಕೆ ಮನೆಗೆ ಒಯ್ಯುವ ಮುನ್ನವೇ ಬಿರುಕು ಗೊತ್ತಾಗಬೇಕು. ಲಿಯೊಪೋಲ್ಡ್ ಔವೆನ್‌ಬ್ರುಗರ್ ಎಂಬ ಆಸ್ಟ್ರಿಯಾದ ವೈದ್ಯ ಇದೇ ಉಪಾಯವನ್ನು ಮನುಷ್ಯರ ಎದೆಯ ಮೇಲೆ ಪ್ರಯೋಗಿಸಿ 1761ರಲ್ಲಿ ಪುಸ್ತಕ ಬರೆದ. ಅವನ ತಂದೆ ವಸತಿಗೃಹ ನಡೆಸುತ್ತಿದ್ದವರು. ಪೀಪಾಯಿ ಬಡಿದು ಮದ್ಯ ಎಷ್ಟಿದೆ ಎಂದು ತಿಳಿಯುವುದನ್ನು ಹುಡುಗ ಅಲ್ಲೇ ಕಲಿತ ಎನ್ನುತ್ತಾರೆ. ಇಂದಿಗೂ ವೈದ್ಯರು ನಮ್ಮ ಬೆನ್ನಿನ ಮೇಲೆ ಬೆರಳಿಟ್ಟು ಬಡಿಯುವುದು ಆ ವಿದ್ಯೆಯೇ.

ಒಳಗೆ ಇಣುಕಲಾಗದ ವಸ್ತುವನ್ನು ಹೊರಗಿನಿಂದ ಅರಿಯುವ ಇಂಥದೇ ಒಂದು ಸಮಸ್ಯೆ ನಮ್ಮ ಮನೆಮನೆಯ ಮೊಬೈಲಿನಲ್ಲೂ ಅಡಗಿದೆ. ಪರೀಕ್ಷೆಯ ಫಲಿತಾಂಶ ನೋಡಲು ಒಂದು ವಿಳಾಸ ಬರೆಯುತ್ತೇವೆ, ಪುಟ ಬರುತ್ತದೆ. ಪುಟವನ್ನು ಕಳುಹಿಸಿದ್ದು ಸರ್ವರ್ ಎಂಬ ಇನ್ನೊಂದು ಕಂಪ್ಯೂಟರ್. ಅದು ಎಲ್ಲಿದೆ? ಹೊಸದೋ ಹಳೆಯದೋ? ಮೆಮೊರಿ ಎಷ್ಟು? ಅದೊಂದು ಇಡೀ ಯಂತ್ರವೋ, ಅಥವಾ ಒಂದು ಯಂತ್ರದಲ್ಲಿ ನೂರು ಜನರ ಬಿಡಾರವೋ? ಜಗತ್ತಿನ ಮೊದಲ ವೆಬ್ ಸರ್ವರ್ ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರ ಬಳಿ ಇದ್ದ ನೆಕ್ಸ್ಟ್ ಕಂಪ್ಯೂಟರ್. ‘ಇದು ಸರ್ವರ್, ಆರಿಸಬೇಡಿ’ ಎಂಬ ಅರ್ಥದ ಚೀಟಿಯನ್ನು ಕೆಂಪು ಶಾಯಿಯಲ್ಲಿ ಬರೆದು ಅದಕ್ಕೆ ಅಂಟಿಸಿದ್ದರು. ಆಗ ಅನುಮಾನ ಬಂದವರು ಎದ್ದು ಹೋಗಿ ನೋಡಬಹುದಿತ್ತು. ಈಗಿನ ಸರ್ವರ್‌ಗಳು ಬೀಗ ಹಾಕಿದ ದೊಡ್ಡ ಕಟ್ಟಡಗಳಲ್ಲಿ ಸಾಲಾಗಿ ಕುಳಿತಿವೆ. ಬಾಡಿಗೆ ಕೊಡುವವರಿಗೂ ಅಲ್ಲಿ ಪ್ರವೇಶವಿಲ್ಲ.

ಬಾಡಿಗೆ ಎಂದೆನಲ್ಲ, ವಿಷಯ ಇರುವುದು ಅಲ್ಲೇ. ನನಗೆ ಪರಿಚಯವಿರುವ ಒಂದು ಹಳೆಯ ವಿದ್ಯಾರ್ಥಿಗಳ ಸಂಘ ಹತ್ತನೇ ತರಗತಿಯ ಮಕ್ಕಳಿಗಾಗಿ ಹಳೆಯ ಪ್ರಶ್ನೆಪತ್ರಿಕೆಗಳ ಜಾಲತಾಣ ನಡೆಸುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳ ಸಂಜೆ ಹೊತ್ತಿನಲ್ಲಿ, ಅಂದರೆ ಮಕ್ಕಳು ಓದಲು ಕುಳಿತಾಗಲೇ, ಪುಟ ತೆರೆಯಲು ಹತ್ತು ಹನ್ನೆರಡು ಸೆಕೆಂಡ್ ಹಿಡಿಯುತ್ತಿತ್ತು. ಜಾಗ ಬಾಡಿಗೆ ಕೊಟ್ಟವರನ್ನು ಕೇಳಿದರೆ, ‘ನಿಮ್ಮ ತಾಣ ಇರುವುದು 32 ಪ್ರೊಸೆಸರ್, 64 ಜಿಬಿ ಮೆಮೊರಿಯ ಯಂತ್ರದಲ್ಲಿ. ತೊಂದರೆ ನಿಮ್ಮ ಪುಟಗಳಲ್ಲೇ ಇದೆ’ ಎಂಬ ಉತ್ತರ. ನಿಜವೋ ಸುಳ್ಳೋ ನೋಡುವುದು ಹೇಗೆ? ಸಂಘದವರ ಕೈಯಲ್ಲಿದ್ದದ್ದು ಕಡತಗಳನ್ನು ಏರಿಸುವ ಒಂದು ಪುಟ ಮಾತ್ರ. ಯಂತ್ರಕ್ಕೆ ನೇರವಾಗಿ ಆಜ್ಞೆ ಕೊಡುವ ಅಧಿಕಾರ ಇರಲಿಲ್ಲ. ಪಿಯುಸಿ ಓದುತ್ತಿದ್ದ ಇಬ್ಬರು ಇದನ್ನು ಹಿಡಿದು ಕುಳಿತರು. ಅವರು ಹೋದ ದಾರಿಯಲ್ಲೇ ನಾವೂ ಹೋಗೋಣ.

ಬಾಗಿಲ ಹೊರಗಿನಿಂದ

ಒಳಗೆ ಕಾಲಿಡದೆ ಮಾಡಬಹುದಾದದ್ದು ಮೊದಲು. ಕಂಪ್ಯೂಟರಿನಲ್ಲಿ ‘ಪಿಂಗ್’ ಎಂಬ ಪುಟ್ಟ ತಂತ್ರಾಂಶವಿದೆ. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ಇದನ್ನು ಬರೆದರು. ಜಲಾಂತರ್ಗಾಮಿಯನ್ನು ಹುಡುಕಲು ಸಮುದ್ರದೊಳಗೆ ಕಳುಹಿಸುವ ಸೋನಾರ್ ಶಬ್ದದ ಹೆಸರೇ ಇದಕ್ಕೂ ಬಂತು. ಒಂದು ಸಣ್ಣ ಸಂದೇಶ ಹೋಗುತ್ತದೆ, ಆ ತುದಿಯ ಯಂತ್ರ ಅದನ್ನು ಹಿಂದಿರುಗಿಸುತ್ತದೆ, ನಾವು ಹೊತ್ತನ್ನು ಅಳೆಯುತ್ತೇವೆ. ಬೆಟ್ಟದ ಮುಂದೆ ನಿಂತು ಕೂಗಿ ಪ್ರತಿಧ್ವನಿಯ ಹೊತ್ತಿನಿಂದ ದೂರ ಲೆಕ್ಕ ಹಾಕುವ ಹೈಸ್ಕೂಲಿನ ಲೆಕ್ಕವೇ ಇದು.

ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ 200 ಕಿಲೋಮೀಟರ್. ಹೋಗಿ ಬರುವುದು ಎರಡೂ ಸೇರಿದ್ದರಿಂದ ಅರ್ಧ ಮಾಡಬೇಕು, 100 ಕಿಲೋಮೀಟರ್. ಮೈಸೂರಿನಿಂದ ಕಳುಹಿಸಿದ ಪಿಂಗ್ 20 ಮಿಲಿಸೆಕೆಂಡಿನಲ್ಲಿ ಮರಳಿದರೆ ಉತ್ತರ ಕೊಟ್ಟ ಯಂತ್ರ 2,000 ಕಿಲೋಮೀಟರಿಗಿಂತ ದೂರದಲ್ಲಿ ಇರಲು ಸಾಧ್ಯವೇ ಇಲ್ಲ. ‘ನಮ್ಮ ಸರ್ವರ್ ಅಮೆರಿಕದಲ್ಲಿದೆ’ ಎಂದು ಯಾರು ಎಷ್ಟೇ ಹೇಳಲಿ, ಬೆಳಕು ಅದನ್ನು ಒಪ್ಪುವುದಿಲ್ಲ. ಇದಕ್ಕೆ ತಿರುಗಾ ಹೇಳಿದರೆ ಮಾತ್ರ ತಪ್ಪಾಗುತ್ತದೆ. 200 ಮಿಲಿಸೆಕೆಂಡ್ ಹಿಡಿಯಿತು ಎಂದಮಾತ್ರಕ್ಕೆ ಯಂತ್ರ ದೂರದಲ್ಲೇ ಇರಬೇಕೆಂದಿಲ್ಲ. ದಾರಿ ಸುತ್ತು ಇರಬಹುದು, ನಡುವೆ ದಟ್ಟಣೆ ಇರಬಹುದು.

ಇನ್ನೊಂದು ಎಚ್ಚರಿಕೆಯೂ ಬೇಕು. ಕ್ಲೌಡ್‌ಫ್ಲೇರ್‌ನಂಥ ಸಂಸ್ಥೆಗಳು ಜಾಲತಾಣಗಳ ಪ್ರತಿಯನ್ನು ನಾನಾ ಊರುಗಳ ತಮ್ಮ ಯಂತ್ರಗಳಲ್ಲಿ ಇಟ್ಟಿರುತ್ತವೆ. ನಮ್ಮ ಕೂಗಿಗೆ ಓಗೊಟ್ಟದ್ದು ಮನೆಯ ಯಜಮಾನರಲ್ಲ, ಗೇಟಿನ ಬಳಿ ನಿಂತ ಕಾವಲುಗಾರ ಎಂಬುದು ಹೊಸಬರಿಗೆ ತಿಳಿಯುವುದೇ ಇಲ್ಲ.

ಮರಳಿ ಬಂದ ಸಂದೇಶದಲ್ಲಿ ಟಿಟಿಎಲ್ ಎಂಬ ಒಂದು ಅಂಕಿಯೂ ಇರುತ್ತದೆ. ದಾರಿಯಲ್ಲಿ ಸಿಗುವ ಪ್ರತಿಯೊಂದು ರೌಟರ್ ಅದರಿಂದ ಒಂದನ್ನು ಕಳೆಯುತ್ತದೆ. ಲಿನಕ್ಸ್ ಯಂತ್ರಗಳು ಸಾಮಾನ್ಯವಾಗಿ 64ರಿಂದ, ವಿಂಡೋಸ್ ಯಂತ್ರಗಳು 128ರಿಂದ ಎಣಿಕೆ ಶುರು ಮಾಡುತ್ತವೆ. ನಮಗೆ 52 ಬಂತು ಎನ್ನಿ. 64ರಿಂದ ಹೊರಟು 12 ರೌಟರ್ ದಾಟಿ ಬಂದಿರಬೇಕು ಎನ್ನುವುದು ಸಹಜ ಊಹೆ. 128ರಿಂದ ಹೊರಟು 76 ದಾಟಿ ಬಂದಿತು ಎಂದರೆ ನಂಬುವುದು ಕಷ್ಟ. ಪುಟದ ಜೊತೆ ಬರುವ ಶಿರೋಲೇಖದಲ್ಲಿ ಸರ್ವರ್ ತನ್ನ ತಂತ್ರಾಂಶದ ಹೆಸರನ್ನೂ ಹೇಳಿಕೊಳ್ಳುವುದುಂಟು, ಅಪಾಚಿ ಎಂದೋ ಎಂಜಿನ್‌ಎಕ್ಸ್ ಎಂದೋ. ಇಂಗ್ಲೆಂಡಿನ ನೆಟ್‌ಕ್ರಾಫ್ಟ್ ಸಂಸ್ಥೆ 1995ರಿಂದ ಜಗತ್ತಿನ ಜಾಲತಾಣಗಳ ಗಣತಿ ಮಾಡುತ್ತ ಬಂದಿರುವುದು ಇಂಥ ಉತ್ತರಗಳನ್ನು ನೋಡಿಯೇ. ಆದರೆ ಸರ್ವರ್ ನೋಡಿಕೊಳ್ಳುವವರು ಆ ಹೆಸರನ್ನು ಬದಲಿಸಬಹುದು, ಅಳಿಸಲೂಬಹುದು. ಅದು ಯಂತ್ರ ಬಾಯಿಬಿಟ್ಟು ಹೇಳಿದ ಮಾತು. ಮೆಮೊರಿ ಎಷ್ಟು, ಪ್ರೊಸೆಸರ್ ಯಾವುದು ಎಂಬುದಂತೂ ಈ ಯಾವ ದಾರಿಯಿಂದಲೂ ತಿಳಿಯುವುದಿಲ್ಲ.

ಸ್ಫಟಿಕದ ಟಿಕ್ ಟಿಕ್

ಯಂತ್ರ ಬೇಡವೆಂದರೂ ಅದರಿಂದ ಹೊರಬೀಳುವ ಒಂದು ಗುಟ್ಟಿದೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಭಾಗ ಇದು.

ಕಂಪ್ಯೂಟರಿನ ಗಡಿಯಾರ ನಡೆಯುವುದು ಕ್ವಾರ್ಟ್ಸ್ ಸ್ಫಟಿಕದ ಕಂಪನದಿಂದ. ಕೈಗಡಿಯಾರದ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು, ವಿದ್ಯಾರ್ಥಿಗಳು ಮಾಡಿ ನೋಡಬಹುದು. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಕತ್ತರಿಸಿದ ಎರಡು ಸ್ಫಟಿಕಗಳೂ ಒಂದೇ ವೇಗದಲ್ಲಿ ಕಂಪಿಸುವುದಿಲ್ಲ. ಒಂದು ಹತ್ತು ಲಕ್ಷಕ್ಕೆ ಕೆಲವು ಪಾಲು ಮುಂದೆ ಓಡುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಹತ್ತು ಲಕ್ಷಕ್ಕೆ ಹನ್ನೆರಡು ಪಾಲು ಎಂದರೆ ದಿನಕ್ಕೆ ಸುಮಾರು ಒಂದು ಸೆಕೆಂಡ್.

ಅಂತರಜಾಲದ ಸಂದೇಶಗಳಿಗೆ ಹೊತ್ತಿನ ಮುದ್ರೆ ಒತ್ತುವ ಪದ್ಧತಿಯನ್ನು 1992ರಲ್ಲಿ ನಿಗದಿ ಮಾಡಿದ್ದರು. 2005ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯೋಶಿ ಕೋನೋ ಮತ್ತು ಜೊತೆಗಾರರು ಒಂದು ಉಪಾಯ ತೋರಿಸಿದರು. ದೂರದ ಯಂತ್ರದಿಂದ ಬರುವ ಮುದ್ರೆಗಳನ್ನು ಬಹಳ ಹೊತ್ತು ಸಂಗ್ರಹಿಸಿ ನಮ್ಮ ಗಡಿಯಾರದೊಡನೆ ಹೋಲಿಸಿದರೆ ಆ ಸ್ಫಟಿಕದ ಓರೆ ತಿಳಿಯುತ್ತದೆ. ಬೆರಳಚ್ಚಿನ ಹಾಗೆ ಅದು ಆ ಯಂತ್ರದ ಗುರುತು. ಎರಡು ವಿಳಾಸಗಳು ಒಂದೇ ಓರೆಯನ್ನು ತೋರಿಸಿದರೆ ಅವೆರಡೂ ಒಂದೇ ಯಂತ್ರದ ಮೇಲಿರಬಹುದು ಎಂಬ ಸಂಶಯ ಹುಟ್ಟುತ್ತದೆ.

ಮರುವರ್ಷ, 2006ರಲ್ಲಿ, ಕೇಂಬ್ರಿಜ್‌ನ ಸ್ಟೀವನ್ ಮರ್ಡಾಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸ್ಫಟಿಕದ ವೇಗ ಉಷ್ಣತೆಯ ಮೇಲೂ ನಿಂತಿದೆ. ಸರ್ವರ್‌ಗೆ ಮೇಲಿಂದ ಮೇಲೆ ಕೆಲಸ ಕೊಟ್ಟರೆ ಪ್ರೊಸೆಸರ್ ಬಿಸಿಯಾಗುತ್ತದೆ, ಬಿಸಿ ಸ್ಫಟಿಕಕ್ಕೆ ತಗಲುತ್ತದೆ, ಗಡಿಯಾರದ ಓರೆ ಒಂದಿಷ್ಟು ಬದಲಾಗುತ್ತದೆ. ಆ ಬದಲಾವಣೆಯನ್ನು ದೂರದಿಂದಲೇ ಅಳೆದು, ತನ್ನ ವಿಳಾಸ ಮರೆಮಾಡಿಕೊಂಡ ಸರ್ವರ್ ಯಾವುದೆಂದು ಪತ್ತೆ ಹಚ್ಚಬಹುದು ಎಂದು ಅವರು ತೋರಿಸಿಕೊಟ್ಟರು. ಮುಟ್ಟದೆ ಜ್ವರ ನೋಡಿದ ಹಾಗೆ! ಈಗಿನ ಲಿನಕ್ಸ್ ಪ್ರತಿ ಸಂಪರ್ಕಕ್ಕೂ ಮುದ್ರೆಯ ಆರಂಭದ ಅಂಕಿಯನ್ನು ಬೇರೆ ಮಾಡುತ್ತದೆ. ಹಿಂದೆ ಆ ಅಂಕಿಯಿಂದಲೇ ಯಂತ್ರ ಹೊತ್ತಿಸಿ ಎಷ್ಟು ದಿನವಾಯಿತು ಎಂದು ಊಹಿಸುತ್ತಿದ್ದರು, ಆ ದಾರಿ ಮುಚ್ಚಿದೆ.

ಒಂದು ಕೋಣೆ ನಮ್ಮದಾದರೆ

ಇನ್ನು ನಮ್ಮ ಹುಡುಗರ ಕತೆಗೆ ಬರೋಣ. ಅವರಿಗೆ ಒಳಗೆ ಒಂದು ಕೋಣೆ ಸಿಕ್ಕಿತ್ತು, ಮನೆಯ ಕೀಲಿಕೈ ಇರಲಿಲ್ಲ. ಪಿಎಚ್‌ಪಿ ಭಾಷೆಯಲ್ಲಿ ಇಪ್ಪತ್ತು ಸಾಲಿನ ಪುಟ ಬರೆದು ಏರಿಸಿದರು. ಪುಟವನ್ನು ತೆರೆದಾಗ ಅದು ಸರ್ವರ್‌ನ ಒಳಗೆ ನಡೆಯುತ್ತದೆ, ಕಂಡದ್ದನ್ನು ಹೊರಗೆ ಬರೆಯುತ್ತದೆ.

ಲಿನಕ್ಸ್‌ನಲ್ಲಿ ‘ಪ್ರೋಕ್’ ಎಂಬ ಒಂದು ವಿಚಿತ್ರ ಕಡತಕೋಶವಿದೆ. ಅದರೊಳಗಿನ ಕಡತಗಳು ಡಿಸ್ಕಿನ ಮೇಲೆ ಇಲ್ಲವೇ ಇಲ್ಲ. ಗಾತ್ರ ಕೇಳಿದರೆ ಸೊನ್ನೆ. ಯಾರಾದರೂ ಓದಲು ಕೈಹಾಕಿದ ಕ್ಷಣದಲ್ಲಿ ಕರ್ನೆಲ್ ಉತ್ತರವನ್ನು ಬರೆದುಕೊಡುತ್ತದೆ. ‘ಸಿಪಿಯುಇನ್ಫೋ’ ಎಂಬುದನ್ನು ಓದಿದರೆ ಪ್ರೊಸೆಸರ್‌ಗಳ ವಿವರ, ‘ಮೆಮ್‌ಇನ್ಫೋ’ ಓದಿದರೆ ಮೆಮೊರಿಯ ಲೆಕ್ಕ, ‘ಲೋಡ್‌ಎವಿಜಿ’ ಓದಿದರೆ ಆ ಹೊತ್ತಿನ ಕೆಲಸದ ಒತ್ತಡ. ಎಷ್ಟೋ ಕಡೆ ಬಾಡಿಗೆ ಕೊಡುವವರು ಈ ಬಾಗಿಲನ್ನು ಮುಚ್ಚಿರುತ್ತಾರೆ, ಅದು ಅವರ ಹಕ್ಕು. ಇಲ್ಲಿ ತೆರೆದಿತ್ತು.

ಉತ್ತರ ಬಂತು. 32 ಪ್ರೊಸೆಸರ್, 64 ಜಿಬಿ ಮೆಮೊರಿ. ಹೇಳಿದ್ದು ನಿಜವೇ! ಅಲ್ಲಿಗೆ ನಿಲ್ಲಿಸಿದ್ದರೆ ಸಂಘದವರು ತಮ್ಮ ಪುಟಗಳನ್ನೇ ಬೈದುಕೊಳ್ಳುತ್ತಿದ್ದರು. ಹುಡುಗರು ಉಳಿದ ಸಾಲುಗಳನ್ನೂ ಓದಿದರು. ಪ್ರೊಸೆಸರ್‌ನ ಹೆಸರು ಇಂಟೆಲ್ ಜಿಯಾನ್ ಇ5-2670. ಇದು 2012ರಲ್ಲಿ ಮಾರುಕಟ್ಟೆಗೆ ಬಂದದ್ದು. ಒಂದು ಚಿಪ್‌ನಲ್ಲಿ 8 ಕೋರ್, ಅಂಥ ಎರಡು ಚಿಪ್. ಅಂದರೆ ನಿಜವಾದ ಕೋರ್‌ಗಳು 16. ಒಂದು ಕೋರ್ ಎರಡು ಕೆಲಸಗಳನ್ನು ಸರದಿಯಲ್ಲಿ ನಿಭಾಯಿಸುವ ಉಪಾಯದಿಂದಾಗಿ ಎಣಿಕೆಯಲ್ಲಿ 32 ಎಂದು ಕಾಣುತ್ತದೆ. ಒಬ್ಬ ಅಡುಗೆಯವನಿಗೆ ಎರಡು ಒಲೆ ಕೊಟ್ಟ ಹಾಗೆ. ಒಂದರ ಮೇಲೆ ನೀರು ಕಾಯುವಾಗ ಇನ್ನೊಂದರಲ್ಲಿ ಒಗ್ಗರಣೆ ಹಾಕುತ್ತಾನೆ, ಆದರೆ ಇರುವುದು ಎರಡೇ ಕೈ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಈ 32ರಲ್ಲಿ ನಮ್ಮ ಪಾಲೆಷ್ಟು? ಯಂತ್ರ ಇಡೀ ಮನೆಯ ಅಳತೆಯನ್ನು ಹೇಳಿತೇ ಹೊರತು ನಮ್ಮ ಕೋಣೆಯ ಅಳತೆಯನ್ನಲ್ಲ. ರಾತ್ರಿ ಒತ್ತಡದ ಅಂಕಿ 6ರ ಆಸುಪಾಸು ಇದ್ದರೆ ಸಂಜೆ ಏಳರ ಹೊತ್ತಿಗೆ 50 ದಾಟುತ್ತಿತ್ತು. ಅಂದರೆ ಆ ಗಳಿಗೆಯಲ್ಲಿ ಐವತ್ತಕ್ಕೂ ಮಿಕ್ಕಿ ಕೆಲಸಗಳು ಒಂದೋ ನಡೆಯುತ್ತಿವೆ, ಇಲ್ಲವೇ ಸರದಿಯಲ್ಲಿ ನಿಂತಿವೆ.

ಇದಿಷ್ಟೂ ಯಂತ್ರದ ಹೇಳಿಕೆ. ಈಗ ಬಡಿದು ನೋಡಬೇಕು. ಹುಡುಗರು 2 ಲಕ್ಷದೊಳಗಿನ ಅವಿಭಾಜ್ಯ ಸಂಖ್ಯೆಗಳನ್ನು ಎಣಿಸುವ ಒಂದು ಲೆಕ್ಕ ಬರೆದರು. ಉತ್ತರ 17,984 ಬರಬೇಕು, ಬಂದರೆ ಲೆಕ್ಕ ಸರಿಯಾಗಿ ನಡೆದಿದೆ ಎಂದರ್ಥ. ಅರ್ಧ ಗಂಟೆಗೊಮ್ಮೆ ತಾನಾಗಿ ನಡೆಯುವಂತೆ ಏರ್ಪಾಡು ಮಾಡಿ ಏಳು ದಿನ ಬಿಟ್ಟರು. ಒಟ್ಟು 336 ಅಳತೆಗಳು. ಲೆಕ್ಕವನ್ನು ಬೇಕೆಂದೇ ಚಿಕ್ಕದಾಗಿ ಇಟ್ಟಿದ್ದರು, ಪರೀಕ್ಷೆ ಮಾಡುವ ನೆಪದಲ್ಲಿ ನೆರೆಯವರ ಪಾಲನ್ನು ತಿನ್ನಬಾರದಲ್ಲ.

ಪ್ರತಿ ಸಲವೂ ಎರಡು ಹೊತ್ತು ಬರೆದುಕೊಂಡದ್ದು ಅವರ ಜಾಣ್ಮೆ. ಮೊದಲನೆಯದು ಗೋಡೆ ಗಡಿಯಾರದ ಹೊತ್ತು, ಶುರುವಿನಿಂದ ಕೊನೆಯವರೆಗೆ. ಎರಡನೆಯದು ಪ್ರೊಸೆಸರ್ ನಿಜವಾಗಿ ಈ ಲೆಕ್ಕಕ್ಕೆ ದುಡಿದ ಹೊತ್ತು. ಇದನ್ನು ಕೇಳಲು ಪಿಎಚ್‌ಪಿಯಲ್ಲೇ ಒಂದು ಆಜ್ಞೆ ಇದೆ. ಬೆಳಗಿನ ಜಾವ ಎರಡೂ ಸುಮಾರು 0.4 ಸೆಕೆಂಡ್. ಸಂಜೆ ದುಡಿದ ಹೊತ್ತು 0.6ಕ್ಕೆ ಏರಿತು, ಎರಡು ಒಲೆಯ ಅಡುಗೆಯವನ ಕಾರಣದಿಂದ. ಆದರೆ ಗೋಡೆ ಗಡಿಯಾರದ ಹೊತ್ತು 3 ಸೆಕೆಂಡ್ ಮುಟ್ಟಿತು. ನಡುವಿನ 2.4 ಸೆಕೆಂಡ್ ಬರೀ ಕಾದದ್ದು. ಹಿಟ್ಟಿನ ಗಿರಣಿಯಲ್ಲಿ ನಮ್ಮ ರಾಗಿ ಬೀಸಲು ಹತ್ತು ನಿಮಿಷ ಸಾಕು, ಸರದಿ ಬರಲು ಮುಕ್ಕಾಲು ಗಂಟೆ ಬೇಕಾದರೆ ರಾಗಿಯನ್ನು ದೂರಿ ಏನು ಪ್ರಯೋಜನ? ಅವಿಭಾಜ್ಯ ಸಂಖ್ಯೆಗಳ ಲೆಕ್ಕಕ್ಕೂ ಸಂಘದ ಪುಟಗಳಿಗೂ ಯಾವ ಸಂಬಂಧವೂ ಇಲ್ಲ. ಆದ್ದರಿಂದ ‘ತೊಂದರೆ ನಿಮ್ಮ ಪುಟಗಳಲ್ಲೇ ಇದೆ’ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಡಿಸ್ಕಿನ ಬಗೆಗೂ ಇಂಥದೇ ಪರೀಕ್ಷೆ ಸಾಧ್ಯ. ಹಳೆಯ ಮಾದರಿಯ ತಿರುಗುವ ಡಿಸ್ಕ್ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದೇ 4 ಮಿಲಿಸೆಕೆಂಡ್ ಮೀರುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇದರ ಎಷ್ಟೋ ಪಾಲು ಕಡಿಮೆ ಹೊತ್ತಿನಲ್ಲಿ ಓದುತ್ತದೆ. ದೊಡ್ಡ ಕಡತವೊಂದರ ಅಲ್ಲಲ್ಲಿ ನೂರಾರು ಕಡೆ ಓದಿ ಹೊತ್ತು ಅಳೆದರೆ ಯಾವುದೆಂದು ಬಯಲಾಗುತ್ತದೆ. ಒಮ್ಮೆ ಓದಿದ್ದನ್ನು ಯಂತ್ರ ಮೆಮೊರಿಯಲ್ಲಿ ಇಟ್ಟುಕೊಳ್ಳುವುದರಿಂದ ಎರಡನೇ ಸಲದ ಅಳತೆಯನ್ನು ನಂಬುವ ಹಾಗಿಲ್ಲ.

ಇಡೀ ಯಂತ್ರದ ಬದಲು ಕಲ್ಪಿತ ಯಂತ್ರವನ್ನು ಬಾಡಿಗೆಗೆ ಕೊಡುವುದೂ ಈಗ ಸಾಮಾನ್ಯ. ತಂತ್ರಾಂಶವೊಂದು ಒಂದು ಕಂಪ್ಯೂಟರನ್ನು ಹತ್ತಾರು ಪಾಲು ಮಾಡಿ ಪ್ರತಿಯೊಂದು ಪಾಲಿಗೂ ‘ನೀನೇ ಪೂರ್ಣ ಯಂತ್ರ’ ಎಂದು ನಂಬಿಸುತ್ತದೆ. ಅಂಥ ಕಡೆ ಸಿಪಿಯುಇನ್ಫೋದ ಗುಣಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ‘ಹೈಪರ್‌ವೈಸರ್’ ಎಂಬ ಪದ ಕಾಣುತ್ತದೆ. ಪ್ರೋಕ್‌ನ ‘ಸ್ಟ್ಯಾಟ್’ ಕಡತದಲ್ಲಿ ಪ್ರೊಸೆಸರ್ ಸಾಲಿನ ಎಂಟನೇ ಅಂಕಿಗೆ ‘ಸ್ಟೀಲ್’, ಅಂದರೆ ಕಳವು ಎಂದೇ ಹೆಸರು. ನಮಗೆ ಕೆಲಸವಿದ್ದೂ ಪ್ರೊಸೆಸರ್ ಬೇರೆ ಬಾಡಿಗೆದಾರರ ಕೈಯಲ್ಲಿದ್ದ ಹೊತ್ತು ಅದು. ಮುಚ್ಚುಮರೆಯಿಲ್ಲದ ಹೆಸರು!

ಹುಡುಗರು 336 ಅಳತೆಗಳನ್ನು ಒಂದು ನಕ್ಷೆಯಾಗಿ ಬರೆದರು. ಸಂಘದವರು ಅದನ್ನು ಪತ್ರದೊಡನೆ ಬಾಡಿಗೆ ಕೊಟ್ಟವರಿಗೆ ಕಳುಹಿಸಿದರು. ಉತ್ತರದಲ್ಲಿ ವಾದವಿರಲಿಲ್ಲ. ಒಂದು ವಾರದೊಳಗೆ ತಾಣವನ್ನು ಬೇರೆ ಯಂತ್ರಕ್ಕೆ ಸಾಗಿಸಿದ್ದಾಗಿ ತಿಳಿಸಿದರು. ಹುಡುಗರು ತಕ್ಷಣ ಅದೇ ಇಪ್ಪತ್ತು ಸಾಲಿನ ಪುಟವನ್ನು ತೆರೆದರು. ಈ ಸಲ ಕಂಡದ್ದು 4 ಪ್ರೊಸೆಸರ್, ಜೊತೆಗೆ ಹೈಪರ್‌ವೈಸರ್ ಎಂಬ ಪದ. ಆದರೆ ಸಂಜೆ ಏಳಕ್ಕೂ ಲೆಕ್ಕ ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ದಾಖಲೆಯ 32ಕ್ಕಿಂತ ಕೈಗೆ ಸಿಗುವ 4 ಮಕ್ಕಳಿಗೆ ಹೆಚ್ಚು ಉಪಯೋಗಕ್ಕೆ ಬಂತು.

ತಂದೆತಾಯಿಯರು ಒಂದು ಮಾತು ಕೇಳಬಹುದು, ‘ಇದೆಲ್ಲ ಹ್ಯಾಕಿಂಗ್ ಅಲ್ಲವೇ?’ ಬಾಡಿಗೆ ಕೊಟ್ಟು ಪಡೆದ ಕೋಣೆಯಲ್ಲಿ, ತೆರೆದಿಟ್ಟ ಕಡತವನ್ನು ಓದಿ, ನಮ್ಮದೇ ಲೆಕ್ಕದ ಹೊತ್ತು ಅಳೆಯುವುದು ಹ್ಯಾಕಿಂಗ್ ಅಲ್ಲ. ಮುಚ್ಚಿದ ಬಾಗಿಲನ್ನು ಸಂದಿಯಿಂದ ಎಬ್ಬುವುದು, ಅನುಮತಿಯಿಲ್ಲದೆ ಅನ್ಯರ ಯಂತ್ರದ ಒಳಹೊಗುವುದು ಬೇರೆಯೇ ಮಾತು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 43 ಮತ್ತು 66ನೇ ಕಲಮುಗಳು ಅಲ್ಲಿಗೆ ಅನ್ವಯಿಸುತ್ತವೆ. ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ ಮೂರು ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಯಂತ್ರಗಳ ಬಾಗಿಲು ತಟ್ಟಿ ನೋಡುವ ‘ಎನ್‌ಮ್ಯಾಪ್’ ಎಂಬ ಪ್ರಸಿದ್ಧ ತಂತ್ರಾಂಶ 1997ರಿಂದ ಇದೆ. ಕಲಿಯುವವರಿಗೆಂದೇ ಅದರ ಕರ್ತೃಗಳು ‘ಸ್ಕ್ಯಾನ್‌ಮಿ’ ಎಂಬ ಒಂದು ಸರ್ವರನ್ನು ಇಟ್ಟು, ಇದನ್ನು ಮಿತವಾಗಿ ಪರೀಕ್ಷಿಸಬಹುದು ಎಂದು ಅನುಮತಿ ಕೊಟ್ಟಿದ್ದಾರೆ. ಮಕ್ಕಳು ಕೈ ಪಳಗಿಸಿಕೊಳ್ಳಬೇಕಾದ್ದು ಅಂಥಲ್ಲಿ, ಊರಿನ ಬ್ಯಾಂಕಿನ ತಾಣದ ಮೇಲಲ್ಲ.

ಅದಕ್ಕೂ ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವಿದೆ, ವಿಜ್ಞಾನ ಮೇಳಕ್ಕೂ ಒಪ್ಪುತ್ತದೆ. ಎರಡು ಹಳೆಯ ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸಿ. ಅಂತರಜಾಲದಿಂದ ತಾನಾಗಿ ಹೊತ್ತು ಸರಿಪಡಿಸಿಕೊಳ್ಳುವ ವ್ಯವಸ್ಥೆಯನ್ನು ಎರಡರಲ್ಲೂ ನಿಲ್ಲಿಸಿ. ನಿಮಿಷಕ್ಕೊಮ್ಮೆ ಒಂದು ಇನ್ನೊಂದರ ಹೊತ್ತನ್ನು ಕೇಳಿ ವ್ಯತ್ಯಾಸ ಬರೆದಿಡುವಂತೆ ಸಣ್ಣ ಪ್ರೋಗ್ರಾಂ ಬರೆಯಿರಿ. ಗ್ರಾಫ್ ಹಾಳೆಯ ಮೇಲೆ ಗುರುತು ಹಾಕುತ್ತ ಹೋದರೆ ಹೆಚ್ಚುಕಡಿಮೆ ನೇರವಾದ ಓರೆಗೆರೆ ಮೂಡುತ್ತದೆ. ಎರಡು ಗಂಟೆಯ ನಂತರ ಒಂದು ಯಂತ್ರಕ್ಕೆ ಬಿಡುವಿಲ್ಲದ ಲೆಕ್ಕ ಕೊಟ್ಟು ಬಿಸಿಯಾಗಲು ಬಿಡಿ. ಸ್ಫಟಿಕದ ವೇಗ ಹತ್ತು ಲಕ್ಷಕ್ಕೆ ಒಂದೇ ಪಾಲು ಬದಲಾದರೂ ಒಂದು ಗಂಟೆಯಲ್ಲಿ 3.6 ಮಿಲಿಸೆಕೆಂಡ್ ಆಗುತ್ತದೆ, ಒಂದೇ ಮನೆಯ ತಂತಿಯ ಮೇಲೆ ಅಷ್ಟನ್ನು ಹಿಡಿಯಬಹುದು. ಇನ್ನೊಬ್ಬರು ಯಾವ ಹೊತ್ತಿಗೆ ಲೆಕ್ಕ ಶುರು ಮಾಡಿದರು ಎಂಬುದನ್ನು ನಿಮಗೆ ಹೇಳದೆ ಚೀಟಿಯಲ್ಲಿ ಬರೆದಿಡಲಿ. ಗೆರೆ ಎಲ್ಲಿ ಬಾಗಿತು ಎಂದು ನೀವು ಪೆನ್ಸಿಲಿನಿಂದ ಗುರುತು ಮಾಡಿದ ಮೇಲೆ ಚೀಟಿ ಬಿಚ್ಚಿ ನೋಡಿ.